ಸೇವೆ ಎಲ್ಲಿ ಮುಗಿಯಿತು, ಆಮಿಷ ಎಲ್ಲಿ ಶುರುವಾಯಿತು?

ಬೆಂಗಳೂರು: ಹಾಸಿಗೆ ಹಿಡಿದ ನೆರೆಮನೆಯವರ ಪಕ್ಕದಲ್ಲಿ ಕುಳಿತು ಕ್ರೈಸ್ತ ದಾದಿಯೊಬ್ಬರು ಪ್ರಾರ್ಥಿಸಿದರೆ ಸಾಮಾನ್ಯವಾಗಿ ಯಾರೂ ಆಕ್ಷೇಪಿಸುವುದಿಲ್ಲ. ಪ್ರಾರ್ಥನೆಯ ಬಳಿಕ ತಾವು ನಂಬಿದ ಯೇಸುವಿನ ಕುರಿತು ನಾಲ್ಕು ಮಾತು ಹೇಳಿದರೆ ಅದಕ್ಕೂ ಸಂವಿಧಾನದ 25ನೇ ವಿಧಿಯ ರಕ್ಷಣೆಯಿದೆ. ಅದರ ಬೆನ್ನಿಗೇ, ತಮ್ಮ ಸಭೆ ನಡೆಸುವ ಆಸ್ಪತ್ರೆಗೆ ಬಂದರೆ ಖರ್ಚಿಲ್ಲದೆ ಚಿಕಿತ್ಸೆ ಕೊಡಿಸುವುದಾಗಿ ಹೇಳಿದರೆ? ಆಗ ಅದೇ ಭೇಟಿ ರಾಜ್ಯದ ಕಾಯ್ದೆಯೊಂದು 'ಆಮಿಷ' ಎಂದು ಕರೆಯುವ, ಜಾಮೀನು ರಹಿತ ಅಪರಾಧದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಮೂರೂ ನಡೆದದ್ದು ಒಂದೇ ಕೋಣೆಯಲ್ಲಿ, ಬಹುಶಃ ಹತ್ತೇ ನಿಮಿಷದಲ್ಲಿ.

ಕ್ರೈಸ್ತರ ದೈನಂದಿನ ಧರ್ಮಾಚರಣೆಯ ಬಗ್ಗೆ ರಾಜ್ಯದಲ್ಲಿ ನಡೆದಿರುವ ವಾದ ವಿವಾದವೆಲ್ಲ ಒಂದು ಊಹೆಯ ಮೇಲೆ ನಿಂತಿದೆ. ನಂಬಿಕೆಯಂತೆ ಬದುಕುವುದು ಬೇರೆ, ಅದನ್ನು ಹಂಚುವುದು ಬೇರೆ. ಮೊದಲನೆಯದಕ್ಕೆ ಸ್ವಾಗತ, ಎರಡನೆಯದಕ್ಕೆ ಕಡಿವಾಣ ಎಂಬುದೇ ಆ ಊಹೆ. 'ಶಾಲೆ ನಡೆಸಲಿ, ಆಸ್ಪತ್ರೆ ನಡೆಸಲಿ, ಧರ್ಮ ಪ್ರಚಾರ ಮಾತ್ರ ಬೇಡ' ಎಂಬ ಮಾತು ವಿಧಾನಸೌಧದಿಂದ ಹಿಡಿದು ಹಳ್ಳಿಕಟ್ಟೆಯವರೆಗೆ ಕೇಳಿಬರುವುದು ಇದರಿಂದಲೇ. ಆದರೆ ಕಾನೂನಿನ ಪಠ್ಯವನ್ನು ಎದುರಿಗಿಟ್ಟು ನೋಡಿದರೆ ಚಿತ್ರ ತಲೆಕೆಳಗಾಗುತ್ತದೆ. ಮಾತಿಗೆ ನ್ಯಾಯಾಲಯಗಳು ಸಾಕಷ್ಟು ರಕ್ಷಣೆ ಕೊಟ್ಟಿವೆ. ಅನುಮಾನದ ಕಣ್ಣಿಗೆ ಗುರಿಯಾಗಿರುವುದು ಕೃತಿ.

ಕಾಯ್ದೆ ಏನು ಹೇಳುತ್ತದೆ?

ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಗೆ 2021ರ ಡಿಸೆಂಬರ್‌ನಲ್ಲಿ ವಿಧಾನಸಭೆಯ ಒಪ್ಪಿಗೆ ದೊರೆಯಿತು. ಮೇಲ್ಮನೆಯಲ್ಲಿ ಬಹುಮತದ ಅಡಚಣೆಯಿದ್ದುದರಿಂದ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯ ಮೂಲಕ ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪೂರ್ಣ ಕಾಯ್ದೆಯಾಯಿತು. ಬಲವಂತ, ವಂಚನೆ, ಒತ್ತಾಯಗಳಿಂದ ಮತಾಂತರ ಮಾಡುವುದು ಅಪರಾಧ ಎಂಬುದರ ಬಗ್ಗೆ ಯಾರದೂ ತಕರಾರಿಲ್ಲ. ಚರ್ಚ್‌ಗಳೂ ಅದನ್ನು ಒಪ್ಪುತ್ತವೆ. ತಕರಾರು ಇರುವುದು 'ಆಮಿಷ' ಪದದ ವ್ಯಾಖ್ಯೆಯ ಬಗ್ಗೆ.

ಉಡುಗೊರೆ, ಹಣ, ವಸ್ತುರೂಪದ ಲಾಭ ಮಾತ್ರವಲ್ಲದೆ ಉದ್ಯೋಗ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ ಕಾಲೇಜುಗಳಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿಯ ಭರವಸೆ, ದೈವಕೋಪದ ಹೆದರಿಕೆ, ಒಂದು ಧರ್ಮವನ್ನು ಮತ್ತೊಂದರ ಎದುರು ಹೊಗಳುವುದು ಇವೆಲ್ಲವೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ಶಿಕ್ಷೆ 3ರಿಂದ 5 ವರ್ಷ ಸೆರೆವಾಸ ಮತ್ತು 25 ಸಾವಿರ ರೂಪಾಯಿ ದಂಡ. ಮತಾಂತರಗೊಂಡವರು ಮಹಿಳೆ, ಅಪ್ರಾಪ್ತ ವಯಸ್ಕರು ಅಥವಾ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರಿದವರಾದರೆ ಸೆರೆವಾಸ 10 ವರ್ಷಕ್ಕೆ, ದಂಡ 50 ಸಾವಿರಕ್ಕೆ ಏರುತ್ತದೆ. ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ ಅದು 'ಸಾಮೂಹಿಕ ಮತಾಂತರ'. ಅಂದರೆ ಗಂಡ ಹೆಂಡತಿ ಜೊತೆಯಾಗಿ ದೀಕ್ಷಾಸ್ನಾನ ಪಡೆದರೂ ಲೆಕ್ಕ ಸಾಮೂಹಿಕದ್ದೇ. ತಪ್ಪು ಮಾಡಿಲ್ಲವೆಂದು ಸಾಬೀತುಪಡಿಸುವ ಹೊಣೆಯೂ ಆರೋಪಿಯ ಮೇಲೇ ಇದೆ.

ಒಂದು ವಿನಾಯಿತಿ ಗಮನಾರ್ಹ. ವ್ಯಕ್ತಿಯೊಬ್ಬ ತನ್ನ ನಿಕಟಪೂರ್ವ ಧರ್ಮಕ್ಕೆ ಹಿಂದಿರುಗಿದರೆ ಅದನ್ನು ಮತಾಂತರವೆಂದು ಕಾಯ್ದೆ ಪರಿಗಣಿಸುವುದಿಲ್ಲ. ಹೋಗುವ ದಾರಿಗೆ ಇರುವ ತಪಾಸಣೆ ಬರುವ ದಾರಿಗೆ ಇಲ್ಲ.

ಹೆಂಚಿನ ಕಾರ್ಖಾನೆಯ ಪಾಠ

ಈ ವ್ಯಾಖ್ಯೆಯನ್ನು ಕೈಯಲ್ಲಿ ಹಿಡಿದು ರಾಜ್ಯದ ಇತಿಹಾಸದೊಳಗೆ ಹೊರಟರೆ ಮೊದಲು ಎದುರಾಗುವುದು ಮಂಗಳೂರು ಹೆಂಚು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಧರ್ಮ ಬೋಧಿಸಲು ಬಂದವರೇ ಹೊರತು ವ್ಯಾಪಾರಕ್ಕೆ ಬಂದವರಲ್ಲ. ತುಳುನಾಡಿನಲ್ಲಿ ಅವರ ಮಾತಿಗೆ ಕಿವಿಗೊಟ್ಟವರಲ್ಲಿ ಬಿಲ್ಲವರು ಹೆಚ್ಚಿದ್ದರು. ಕ್ರೈಸ್ತರಾದವರು ಶೇಂದಿ ಇಳಿಸಬಾರದೆಂಬುದು ಮಿಶನ್‌ನ ಕಟ್ಟಳೆ. ಕುಲಕಸುಬು ಹೋಯಿತು, ಜಾತಿಯ ಆಸರೆಯೂ ತಪ್ಪಿತು, ಅನೇಕರಿಗೆ ಗೇಣಿಯ ಭೂಮಿಯೂ ಕೈಬಿಟ್ಟಿತು. ಅವರ ಅನ್ನಕ್ಕೆ ದಾರಿ ಮಾಡಲೆಂದೇ ನೇಯ್ಗೆ ಶಾಲೆಗಳು ಹುಟ್ಟಿಕೊಂಡವು. 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಆರಂಭಿಸಿದರು. ಮಲೆನಾಡು, ಕರಾವಳಿಯ ಮನೆಗಳ ಮಾಡು ಬದಲಾದದ್ದು ಹೀಗೆ.

ಅದು ಉದ್ಯೋಗದ ಆಮಿಷವೇ? ಕಾಯ್ದೆಯ ಕಣ್ಣಿನಿಂದ ನೋಡಿದರೆ ಹೌದೆನ್ನಲು ಅವಕಾಶವಿದೆ. ಆದರೆ ಘಟನೆಗಳ ಕ್ರಮ ಬೇರೆಯೇ ಹೇಳುತ್ತದೆ. ಕೆಲಸ ಸಿಗುತ್ತದೆಂದು ಧರ್ಮ ಬದಲಾದದ್ದಕ್ಕಿಂತ, ಧರ್ಮ ಬದಲಾಯಿಸಿ ಕೆಲಸ ಕಳೆದುಕೊಂಡವರಿಗಾಗಿ ಕಾರ್ಖಾನೆ ಬಂದದ್ದೇ ಮುಂಚೆ. ನಂತರದ ವರ್ಷಗಳಲ್ಲಿ ಎರಡೂ ಕಲೆಸಿಹೋಗಿರಬಹುದು. ಯಾವ ಕುಟುಂಬ ಯಾವ ಕಾರಣಕ್ಕೆ ಬಂತೆಂದು ಬಿಡಿಸಿ ಹೇಳಲು ಅಂದಿನ ಪಾದ್ರಿಗೂ ಸಾಧ್ಯವಿರಲಿಲ್ಲ, ಇಂದಿನ ಪೊಲೀಸ್ ಇನ್‌ಸ್ಪೆಕ್ಟರಿಗೂ ಸಾಧ್ಯವಿಲ್ಲ.

ಅದೇ ಮಿಶನ್‌ನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರತಂದರು. ಕನ್ನಡದ ಮೊದಲ ಪತ್ರಿಕೆಯೆಂದು ಅದನ್ನು ನೆನೆದು ಜುಲೈ 1ನ್ನು ರಾಜ್ಯದಲ್ಲಿ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. ಮತಪ್ರಚಾರಕ್ಕೆಂದು ಬಂದ ಇದೇ ವ್ಯಕ್ತಿ ದಾಸರ ಪದಗಳನ್ನು, ವೀರಶೈವ ಪುರಾಣವನ್ನು ಅಚ್ಚು ಹಾಕಿಸಿದರು. ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಬಂತು. ಸುವಾರ್ತೆ ಸಾರಲು ಭಾಷೆ ಬೇಕಿತ್ತು; ಭಾಷೆ ಕಲಿಯುತ್ತಾ ಹೋದವರಿಗೆ ಸುವಾರ್ತೆಯಷ್ಟೇ ಭಾಷೆಯೂ ಮುಖ್ಯವಾಯಿತು. ಬದುಕುವುದಕ್ಕೂ ಹಂಚುವುದಕ್ಕೂ ನಡುವೆ ಗೆರೆ ಎಳೆಯಬೇಕೆಂದರೆ ಕಿಟೆಲ್ ನಿಘಂಟನ್ನು ಯಾವ ಬದಿಗೆ ಇಡಬೇಕು?

ಹಳೆಯ ಮೈಸೂರಿನ ಕಥೆ ಇನ್ನೂ ಕುತೂಹಲಕರ. 1792ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಈ ಭಾಗದ ಹಳ್ಳಿಗಳಲ್ಲಿ ನೆಲದವರಂತೆಯೇ ಬಟ್ಟೆ ತೊಟ್ಟು ಬದುಕಿದರು. 1803-04ರಲ್ಲಿ ಅವರ ನೇತೃತ್ವದಲ್ಲಿ ಸಿಡುಬಿನ ಲಸಿಕೆ ಪಡೆದವರ ಲೆಕ್ಕ 25,432. ಆದರೆ ಮೂರು ದಶಕಗಳ ಸೇವೆಯ ನಂತರ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಅವರು, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಹೆಚ್ಚುಕಡಿಮೆ ಅಸಾಧ್ಯವೆಂಬ ತೀರ್ಮಾನಕ್ಕೆ ಬಂದಿದ್ದರು. ಲಸಿಕೆ ಹಾಕಿಸಿಕೊಂಡ ಸಾವಿರಾರು ಮಂದಿ ಲಸಿಕೆಯನ್ನಷ್ಟೇ ತೆಗೆದುಕೊಂಡು ಮನೆಗೆ ಹೋಗಿದ್ದರು. ಸೇವೆ ಪಡೆದವರೆಲ್ಲ ಮರುಳಾಗಿ ಧರ್ಮ ಬಿಡುತ್ತಾರೆಂಬ ಭಯಕ್ಕೆ ಇದಕ್ಕಿಂತ ಹಳೆಯ ಉತ್ತರ ಬೇಕಿಲ್ಲ.

1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಹೋಮಿಯೋಪತಿ ಔಷಧ ಹಂಚಲಾರಂಭಿಸಿದ ಜಾಗ ಇಂದು ದೊಡ್ಡ ಆಸ್ಪತ್ರೆ. ಮೈಸೂರಿನ ಜನ ಇಂದಿಗೂ 'ಮಿಷನ್ ಆಸ್ಪತ್ರೆ' ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರದ್ದು. ಅಲ್ಲಿ ಹುಟ್ಟಿದ ಎಷ್ಟೋ ತಲೆಮಾರುಗಳು ತಂತಮ್ಮ ಧರ್ಮದಲ್ಲೇ ಬೆಳೆದಿವೆ.

ಸಂಖ್ಯೆಗಳೂ ಅದನ್ನೇ ಹೇಳುತ್ತವೆ. 2001ರ ಜನಗಣತಿಯಲ್ಲಿ ರಾಜ್ಯದ ಕ್ರೈಸ್ತರು ಸುಮಾರು 10.09 ಲಕ್ಷ, ಜನಸಂಖ್ಯೆಯ ಶೇ 1.91. 2011ರಲ್ಲಿ 11.43 ಲಕ್ಷ, ಶೇ 1.87. ಪ್ರಮಾಣ ಕೊಂಚ ತಗ್ಗಿದೆ. ಮತಾಂತರಗೊಂಡವರು ಮೀಸಲಾತಿ ಕೈತಪ್ಪುವ ಭಯದಿಂದ ಗಣತಿಯಲ್ಲಿ ಹಳೆಯ ಧರ್ಮವನ್ನೇ ಬರೆಸುತ್ತಾರೆಂಬ ವಾದವಿದೆ. ಅದರಲ್ಲಿ ಒಂದಷ್ಟು ನಿಜವಿರಬಹುದು. ಹಾಗಿದ್ದರೆ ಮತಾಂತರವಾದವರಿಗೆ ಸಿಗುವುದು ಲಾಭವಲ್ಲ, ನಷ್ಟ ಎಂದೂ ಅದೇ ವಾದ ಒಪ್ಪಿಕೊಂಡಂತಾಯಿತು.

'ಪ್ರಚಾರ' ಎಂಬ ಪದ

ಸಂವಿಧಾನ ಸಭೆ ಈ ಪ್ರಶ್ನೆಯನ್ನು 1948ರ ಡಿಸೆಂಬರ್ 6ರಂದು ಚರ್ಚಿಸಿತ್ತು. ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನ ಜೊತೆಗೆ 'ಪ್ರಚಾರ ಮಾಡುವ' ಹಕ್ಕು ಬೇಕೇ ಎಂಬುದು ಅಂದಿನ ಜಿಜ್ಞಾಸೆ. ಒರಿಸ್ಸಾದ ಲೋಕನಾಥ ಮಿಶ್ರ ಆ ಪದ ತೆಗೆಯಬೇಕೆಂದರು. ಅಲ್ಪಸಂಖ್ಯಾತರೊಂದಿಗೆ ಆದ ಒಪ್ಪಂದದ ಭಾಗವದು ಎಂದು ಕೆ.ಎಂ. ಮುನ್ಶಿ ನೆನಪಿಸಿದರು. ಟಿ.ಟಿ. ಕೃಷ್ಣಮಾಚಾರಿ ಅವರ ಮಾತು ಇಲ್ಲಿ ಹೆಚ್ಚು ಪ್ರಸ್ತುತ. ಸುಮಾರು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದರೂ ತಮ್ಮನ್ನು ಮತಾಂತರಿಸಲು ಯಾರೂ ಯತ್ನಿಸಲಿಲ್ಲವೆಂದು ಸದನಕ್ಕೆ ತಿಳಿಸಿದ ಅವರು, ಈ ಹಕ್ಕು ಒಂದು ಧರ್ಮದವರಿಗೆ ಮಾತ್ರ ಸೇರಿದ್ದಲ್ಲ, ಶುದ್ಧಿ ನಡೆಸುವ ಆರ್ಯ ಸಮಾಜಕ್ಕೂ ಇದೆ ಎಂದರು. ಪದ ಉಳಿಯಿತು.

1977ರ ಜನವರಿಯಲ್ಲಿ ಮಧ್ಯಪ್ರದೇಶದ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಆ ಪದವನ್ನು ಕಿರಿದಾಗಿಸಿತು. ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವುದು ಹಕ್ಕು. ಮತ್ತೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ ಎಂದಿತು. ಅಂದಿನಿಂದ ಎಲ್ಲ ರಾಜ್ಯಗಳ ಮತಾಂತರ ನಿಷೇಧ ಕಾಯ್ದೆಗಳೂ ಈ ತೀರ್ಪಿನ ನೆರಳಿನಲ್ಲೇ ನಿಂತಿವೆ.

ಆದರೆ ಇತ್ತೀಚಿನ ತೀರ್ಪುಗಳು ಪೊಲೀಸರ ಉತ್ಸಾಹಕ್ಕೆ ತಡೆ ಹಾಕಿವೆ. 2023ರ ಸೆಪ್ಟೆಂಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್, ಬೈಬಲ್ ಹಂಚುವುದು, ಒಳ್ಳೆಯ ಬೋಧನೆ, ಮಕ್ಕಳನ್ನು ಓದಿಗೆ ಪ್ರೋತ್ಸಾಹಿಸುವುದು, ಗ್ರಾಮಸ್ಥರನ್ನು ಸೇರಿಸಿ ಊಟ ಹಾಕುವುದು ಆಮಿಷವಾಗದು ಎಂದಿತು. ಕರ್ನಾಟಕದ ಕಾಯ್ದೆಯನ್ನೇ ಒರೆಗೆ ಹಚ್ಚಿದ್ದು 2025ರ ಜುಲೈನ ಧಾರವಾಡ ಪೀಠದ ತೀರ್ಪು. ಜಮಖಂಡಿಯ ರಾಮತೀರ್ಥ ದೇವಾಲಯದ ಬಳಿ ಇಸ್ಲಾಂ ಕುರಿತ ಕರಪತ್ರ ಹಂಚಿ, ದುಬೈನಲ್ಲಿ ಉದ್ಯೋಗದ ಆಸೆ ತೋರಿಸಿದರೆಂದು ಮೂವರ ಮೇಲೆ ಆ ವರ್ಷದ ಮೇ ತಿಂಗಳಲ್ಲಿ ಪ್ರಕರಣ ದಾಖಲಾಗಿತ್ತು. ಯಾರನ್ನೂ ಮತಾಂತರಿಸಿದ ಅಥವಾ ಮತಾಂತರಿಸಲು ಯತ್ನಿಸಿದ ಆರೋಪವೇ ಇಲ್ಲ. ದೂರುದಾರ ಕಾಯ್ದೆಯ 4ನೇ ಕಲಂ ಹೇಳುವ ವರ್ಗಕ್ಕೆ ಸೇರಿದವನೂ ಅಲ್ಲ ಎಂದು ಹೈಕೋರ್ಟ್ ಪ್ರಕರಣ ರದ್ದುಗೊಳಿಸಿತು. ಆರೋಪಿಗಳು ಮುಸ್ಲಿಮರಾದರೂ ತೀರ್ಪಿನ ಫಲ ಬೀದಿಯಲ್ಲಿ ಸುವಾರ್ತೆಯ ಚೀಟಿ ಹಂಚುವ ಕ್ರೈಸ್ತನಿಗೂ ಸಲ್ಲುತ್ತದೆ. ಮೂರು ತಿಂಗಳ ಬಳಿಕ ಪ್ರಯಾಗರಾಜ್‌ನ ಕೃಷಿ ವಿಶ್ವವಿದ್ಯಾಲಯವೊಂದರ ಕುಲಪತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ, ಸಂಬಂಧವಿಲ್ಲದ ಮೂರನೆಯವರ ದೂರಿನ ಮೇಲೆ ದಾಖಲಾದ ಎಫ್‌ಐಆರ್‌ಗಳನ್ನು ರದ್ದುಪಡಿಸಿತು.

ಇಷ್ಟಾದರೂ ಸಮಾಧಾನಪಡುವಂತಿಲ್ಲ. ರಾಜ್ಯದ ಕಾಯ್ದೆಯಲ್ಲಿ ದೂರು ನೀಡಬಲ್ಲವರ ಪಟ್ಟಿ ರಕ್ತಸಂಬಂಧಿಗಳಲ್ಲಿಗೆ ಮುಗಿಯುವುದಿಲ್ಲ. 'ಯಾವುದೇ ರೀತಿಯಲ್ಲಿ ಸಂಬಂಧ ಹೊಂದಿರುವವರು' ಮತ್ತು ಸಹೋದ್ಯೋಗಿಗಳೂ ಅದರಲ್ಲಿದ್ದಾರೆ. ಕಚೇರಿಯ ಊಟದ ವೇಳೆ ನಡೆಯುವ ಮಾತುಕತೆಯೂ ಠಾಣೆಯ ಮೆಟ್ಟಿಲೇರಬಹುದು. ಹೈಕೋರ್ಟ್‌ವರೆಗೆ ಹೋಗಿ ಪ್ರಕರಣ ರದ್ದುಮಾಡಿಸಿಕೊಳ್ಳುವ ತಾಕತ್ತು ಬಾಡಿಗೆ ಮನೆಯಲ್ಲಿ ಪ್ರಾರ್ಥನೆ ನಡೆಸುವ ಸಭಾಪಾಲಕನಿಗೆ ಇರುವುದಿಲ್ಲ. ಜಾಮೀನಿಗೆ ಅಲೆಯುವುದೇ ಅವನ ಪಾಲಿಗೆ ಶಿಕ್ಷೆ.

ಚರ್ಚ್‌ಗಳೊಳಗಿನ ಬಿರುಕು

ಚರ್ಚ್‌ಗಳ ಕಡೆಯಿಂದಲೂ ಪ್ರಾಮಾಣಿಕ ಉತ್ತರ ಬಂದಿದೆಯೆಂದು ಹೇಳಲಾಗದು. ವಿವಾದ ಎದ್ದಾಗಲೆಲ್ಲ 'ನಾವು ಸೇವೆ ಮಾಡುತ್ತೇವೆ, ಮತಾಂತರ ಮಾಡುವುದಿಲ್ಲ' ಎಂಬ ಹೇಳಿಕೆ ಹೊರಬೀಳುತ್ತದೆ. ಕೇಳಲು ಇಂಪಾದ ಈ ವಾಕ್ಯ ಕ್ರೈಸ್ತ ಬೋಧನೆಗೆ ಪೂರ್ತಿ ಹೊಂದುವುದಿಲ್ಲ. 1975ರಲ್ಲಿ ಪೋಪ್ ಆರನೇ ಪಾಲ್ ಹೊರಡಿಸಿದ ಪತ್ರ ಬದುಕಿನ ಸಾಕ್ಷ್ಯಕ್ಕೆ ಮೊದಲ ಸ್ಥಾನ ಕೊಟ್ಟರೂ, ಮೌನ ಸಾಕ್ಷ್ಯವೊಂದೇ ಸಾಲದು, ಕ್ರಿಸ್ತನ ಹೆಸರನ್ನು ಬಾಯಿಬಿಟ್ಟು ಸಾರಲೇಬೇಕು ಎನ್ನುತ್ತದೆ. ಅದಕ್ಕೂ ಒಂದು ವರ್ಷ ಮೊದಲು ಪ್ರೊಟೆಸ್ಟೆಂಟರ ಲೊಸಾನ್ ಒಡಂಬಡಿಕೆ ಸುವಾರ್ತಾ ಸಾರುವಿಕೆ, ಸಾಮಾಜಿಕ ಹೊಣೆ ಎರಡೂ ಕ್ರೈಸ್ತನ ಕರ್ತವ್ಯವೆಂದಿತ್ತು. ಚರ್ಚ್ ಬೆಳೆಯುವುದು ಮತಾಂತರದ ಬಲವಂತದಿಂದಲ್ಲ, 'ಆಕರ್ಷಣೆ'ಯಿಂದ ಎಂದು ಪೋಪ್ ಹದಿನಾರನೇ ಬೆನೆಡಿಕ್ಟ್ 2007ರಲ್ಲಿ ಹೇಳಿದ್ದನ್ನು 2025ರಲ್ಲಿ ನಿಧನರಾದ ಪೋಪ್ ಫ್ರಾನ್ಸಿಸ್ ಮತ್ತೆ ಮತ್ತೆ ಉದ್ಧರಿಸಿದರು. ವ್ಯಾಟಿಕನ್ನಿನ ಆಕರ್ಷಣೆ ಬೆಂಗಳೂರಿನ ಕಾಯ್ದೆ ಪುಸ್ತಕದಲ್ಲಿ ಆಮಿಷವಾಗಬಲ್ಲದು ಎಂಬುದು ಬೇರೆ ಮಾತು.

ಹಳೆಯ ಚರ್ಚ್‌ಗಳಿಗೆ ಶಾಲೆ ಕಾಲೇಜು, ಆಸ್ಪತ್ರೆಗಳ ರೂಪದಲ್ಲಿ ಸಮಾಜದಲ್ಲಿ ಒಂದು ಸ್ಥಾನವಿದೆ. ಅವುಗಳ ಸೀಟಿಗಾಗಿ ಸಾಲು ನಿಲ್ಲುವವರಲ್ಲಿ ಮತಾಂತರವನ್ನು ವಿರೋಧಿಸುವವರ ಮಕ್ಕಳೂ ಇರುತ್ತಾರೆ. ಶುಲ್ಕ ಏರಿದಂತೆ ಈ ಸಂಸ್ಥೆಗಳು ಬಡ ಕ್ರೈಸ್ತನಿಗೇ ದೂರವಾಗಿವೆ ಎಂಬ ಅಸಮಾಧಾನ ಒಳಗಿನದು. ಚರ್ಚ್‌ನೊಳಗಿನ ಜಾತಿ ತಾರತಮ್ಯದ ಬಗ್ಗೆ ದಲಿತ ಕ್ರೈಸ್ತರು ದಶಕಗಳಿಂದ ದನಿ ಎತ್ತುತ್ತಿದ್ದಾರೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೂಜೆ ಲ್ಯಾಟಿನ್ ಬಿಟ್ಟು ಜನಭಾಷೆಗೆ ಬಂದರೂ, ಬೆಂಗಳೂರಿನಲ್ಲಿ ಕನ್ನಡ ಕ್ರೈಸ್ತರು ತಮ್ಮದೇ ನೆಲದಲ್ಲಿ ಕನ್ನಡದ ಪೂಜೆಗಾಗಿ ಹೋರಾಡಬೇಕಾಯಿತು.

ಇನ್ನೊಂದೆಡೆ ಇರುವುದು ಪೆಂಟೆಕೋಸ್ಟಲ್ ಮತ್ತು ಸ್ವತಂತ್ರ ಸಭೆಗಳು. ಕಟ್ಟಡವಿಲ್ಲ, ಆಸ್ತಿಯಿಲ್ಲ, ಬಾಡಿಗೆ ಸಭಾಂಗಣ ಅಥವಾ ಯಾರದೋ ಮನೆಯ ನಡುಮನೆಯೇ ದೇವಾಲಯ. ಇಲ್ಲಿಗೆ ಬರುವವರಲ್ಲಿ ರೋಗ, ಸಾಲ, ಗಂಡನ ಕುಡಿತ ಹೊತ್ತು ಬರುವ ದುಡಿಯುವ ಮಹಿಳೆಯರೂ ಇದ್ದಾರೆ. ಅವರಿಗೆ ಸಿಗುವುದು ಹಣವಲ್ಲ. ಹೆಸರು ಹಿಡಿದು ಪ್ರಾರ್ಥಿಸುವ ಜನ. ಅದರ ಜೊತೆಗೆ ಕೆಲವೆಡೆ ರೋಗ ಗುಣವಾಗುವ ಭರವಸೆ, ಅನ್ಯ ದೇವತೆಗಳ ಹೀಗಳಿಕೆಯೂ ಸೇರಿಕೊಳ್ಳುತ್ತದೆ ಎಂಬ ದೂರನ್ನು ಸುಳ್ಳೆಂದು ತಳ್ಳಿಹಾಕುವುದು ಕ್ರೈಸ್ತ ಮುಖಂಡರಿಗೂ ಕಷ್ಟ. ಅದಕ್ಕೆ ಉತ್ತರ ಕೊಡಬೇಕಾದವರು ಹಾಗೆ ಮಾಡಿದವರೇ. ಆದರೆ ಏಟು ಬೀಳುವುದು ಬೇರೆಯವರಿಗೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ದಾಳಿ ನಡೆದಾಗ ನೆಪವಾದದ್ದು ಹೊಸ ಸಭೆಯೊಂದರ ಪ್ರಚಾರ ಪುಸ್ತಿಕೆ. ದಾಳಿಗೆ ತುತ್ತಾದ ಸ್ಥಳಗಳಲ್ಲಿ ಮಿಲಾಗ್ರಿಸ್ ಸಮೀಪದ ಆರಾಧನಾ ಮಠವೂ ಒಂದು. ಅಲ್ಲಿನ ಸನ್ಯಾಸಿನಿಯರು ಏಕಾಂತ ಪ್ರಾರ್ಥನೆಯ ವ್ರತ ತೊಟ್ಟವರು. ಬೀದಿಗಿಳಿದು ಬೋಧಿಸುವುದು ಅವರ ನಿಯಮದಲ್ಲೇ ಇಲ್ಲ. ಪ್ರಚಾರ ಮಾಡದೆ ಸುಮ್ಮನೆ ಬದುಕಿದರೆ ಯಾರ ತಂಟೆಯೂ ಇಲ್ಲವೆಂಬ ಉಪದೇಶ ಅಂದು ಅವರನ್ನು ಕಾಯಲಿಲ್ಲ.

ನಂಬಿಕೆಯನ್ನು ಅಳೆಯುವವರು ಯಾರು?

ವಿಪರ್ಯಾಸವೆಂದರೆ, ದೈನಂದಿನ ಬದುಕನ್ನೇ ನಂಬಿಕೆಯ ಅಳತೆಗೋಲಾಗಿ ನ್ಯಾಯಾಲಯವೂ ಬಳಸುತ್ತದೆ. ಪುದುಚೇರಿಯ ಮಹಿಳೆಯೊಬ್ಬರು ಹಿಂದೂ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೋರಿದ ಪ್ರಕರಣದಲ್ಲಿ 2024ರ ನವೆಂಬರ್ 26ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಆಕೆಯ ದೀಕ್ಷಾಸ್ನಾನ, ನಿಯಮಿತವಾಗಿ ಚರ್ಚ್‌ಗೆ ಹೋಗುವ ರೂಢಿಯನ್ನು ಗಮನಿಸಿ ಆಕೆ ಕ್ರೈಸ್ತಳೇ ಎಂದಿತು. ನಂಬಿಕೆಯಿಲ್ಲದೆ ಮೀಸಲಾತಿಗಷ್ಟೇ ಧರ್ಮ ಬದಲಿಸಿದೆನೆಂದು ಹೇಳುವುದು ಸಂವಿಧಾನಕ್ಕೆ ಬಗೆವ ವಂಚನೆ ಎಂದಿತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತ ದಲಿತನಿಗೆ ಪರಿಶಿಷ್ಟ ಜಾತಿಯ ಸವಲತ್ತಿಲ್ಲ. ಈ ಪ್ರಶ್ನೆಯ ಪರಿಶೀಲನೆಗೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಆಯೋಗವನ್ನು ಕೇಂದ್ರ 2022ರಲ್ಲಿ ನೇಮಿಸಿತು. ಹೀಗಿರುವಾಗ ಬಹಿರಂಗವಾಗಿ ಚರ್ಚ್‌ಗೆ ಹೋಗುವುದೆಂದರೆ ದಲಿತ ಕುಟುಂಬವೊಂದಕ್ಕೆ ಮಗನ ವಿದ್ಯಾರ್ಥಿವೇತನ, ಮಗಳ ಉದ್ಯೋಗ ಎರಡನ್ನೂ ಪಣಕ್ಕಿಡುವ ಸಂಗತಿ. ಆಮಿಷದ ಲೆಕ್ಕ ಹಾಕುವ ಕಾಯ್ದೆ ಈ ಬೆಲೆಯ ಲೆಕ್ಕ ಹಾಕುವುದಿಲ್ಲ.

2023ರ ಜೂನ್ 15ರಂದು ಸಿದ್ದರಾಮಯ್ಯ ನೇತೃತ್ವದ ಸಂಪುಟ ಕಾಯ್ದೆಯನ್ನು ರದ್ದುಪಡಿಸುವ ನಿರ್ಧಾರ ಕೈಗೊಂಡಿತು. ಅದಾದ ಸುಮಾರು ಎರಡು ವರ್ಷಕ್ಕೆ ಜಮಖಂಡಿ ಪ್ರಕರಣ ದಾಖಲಾದದ್ದು ಅದೇ ಕಾಯ್ದೆಯಡಿ. ಸಂಪುಟದ ನಿರ್ಧಾರವನ್ನು ಠಾಣೆಯ ಕಡತ ಗಮನಿಸುವುದಿಲ್ಲ. ಅದಕ್ಕೆ ಬೇಕಾದದ್ದು ಸದನದ ಒಪ್ಪಿಗೆ. ಇಂಥ ಕಾಯ್ದೆಗಳ ಸಿಂಧುತ್ವ ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದೆ ಬಂದಿದ್ದು, 2025ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಹಲವು ರಾಜ್ಯಗಳಿಂದ ಪ್ರತಿಕ್ರಿಯೆ ಕೇಳಿತು.

ಮತಾಂತರಕ್ಕೆ ಮುನ್ನ ಜಿಲ್ಲಾಧಿಕಾರಿಗೆ ನೋಟಿಸ್ ಕೊಡಬೇಕೆಂಬ ಹಿಮಾಚಲ ಪ್ರದೇಶದ ನಿಯಮವನ್ನು ಅಲ್ಲಿನ ಹೈಕೋರ್ಟ್ 2012ರಲ್ಲೇ ಅಸಿಂಧುಗೊಳಿಸಿತ್ತು. ವ್ಯಕ್ತಿಯ ಅಂತರಂಗವನ್ನು ಬಹಿರಂಗಪಡಿಸುವಂತೆ ಸರ್ಕಾರ ಒತ್ತಾಯಿಸಲಾಗದು ಎಂಬುದು ಆ ತೀರ್ಪಿನ ತಿರುಳು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೀಗಿದ್ದೂ ಅವರದೇ ರಾಜ್ಯದ ಕಾಯ್ದೆ ಬೇರೆ ದಾರಿ ಹಿಡಿಯಿತು. ದೀಕ್ಷಾಸ್ನಾನ ಪಡೆಯಬಯಸುವವರು 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕು. ದೀಕ್ಷೆ ನೀಡುವ ಪಾದ್ರಿಯೂ ಪ್ರತ್ಯೇಕ ನೋಟಿಸ್ ಕೊಡಬೇಕು. ಅದನ್ನು ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರ್ ಕಚೇರಿಗಳ ಸೂಚನಾ ಫಲಕದಲ್ಲಿ ಅಂಟಿಸಿ ಆಕ್ಷೇಪಣೆ ಆಹ್ವಾನಿಸಬೇಕು. ಆಕ್ಷೇಪಣೆ ಬಂದರೆ ಕಂದಾಯ ಅಥವಾ ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿ ವಿಚಾರಣೆ ನಡೆಸಿ, ಆ ವ್ಯಕ್ತಿಯ ನಿಜವಾದ ಉದ್ದೇಶವೇನೆಂದು ವರದಿ ಕೊಡಬೇಕು.